ಡಾಕ್ಟರ ರಕ್ತ

"ಕೂತ್ಕೊಳ್ಳಿ ಡಾಕ್ಟ್ರೇ, ನಿಂತ್ರೆ ಕಾಲು ನೋಯುತ್ತೆ," ಎಂದು ಸೂಲಗಿತ್ತಿ ಮಕ್ಕಳ ಬೆಂಚು ತೋರಿಸಿದಳು. ಮೊಣಕಾಲು ಗದ್ದಕ್ಕೆ ತಾಗುವಂತೆ ಡಾಕ್ಟರು ಮುದುರಿ ಕೂತರು. ಶಾಲೆಯ ಕೋಣೆಯ ತುಂಬ ಬೆಟ್ಟದ ಜನ. ಯಾರೂ ನಗಲಿಲ್ಲ, ಆದರೆ ನಗು ತಡೆದುಕೊಂಡವರ ಮುಖ ಯಾರಿಗೆ ತಿಳಿಯುವುದಿಲ್ಲ!

ಮೊದಲಾಗಿದ್ದರೆ ಜೀಪಿನಿಂದಿಳಿದು "ಕೈ ಚಾಚಿ" ಎಂದರೆ ಸಾಕಿತ್ತು. ಈಗ ಬೆಟ್ಟದವರ ಸಭೆ ಒಪ್ಪದೆ ಅವರ ಮೇಲೆ ಯಾವ ಸಂಶೋಧನೆಯೂ ನಡೆಯುವಂತಿಲ್ಲ. ಸಭೆಗೆ ಹಿರಿಯಳು ಸೂಲಗಿತ್ತಿ. ಈ ದಿನಕ್ಕಾಗಿ ಅವಳು ಹಲ್ಲು ಕಚ್ಚಿಕೊಂಡು ಕಾದಿದ್ದಳು. ಹಿಂದೆ ಇದೇ ಡಾಕ್ಟರು ಸಕ್ಕರೆ ಕಾಯಿಲೆಗೆಂದು ಅವಳ ತಂಗಿಯದೂ ಸೇರಿ ಎಲ್ಲರ ರಕ್ತ ತೆಗೆದುಕೊಂಡು ಹೋಗಿ, ಈ ಜನರ ರಕ್ತದಲ್ಲೇ ಹುಚ್ಚಿದೆ ಎಂದು ಬರೆದಿದ್ದರು. ಪತ್ರಿಕೆಗಳು ಅದನ್ನು ಊರೆಲ್ಲ ಸಾರಿದವು. ಮಗು ನೋಡಿಕೊಳ್ಳಲು ತಂಗಿ ಹೋಗುತ್ತಿದ್ದ ಮನೆಯವರು ಅವತ್ತೇ ಅವಳನ್ನು ಹೊರಗೆ ಹಾಕಿದರು. ಆಮೇಲೆ ಅವಳು ಯಾರಿಗೂ ಮುಖ ತೋರಿಸದೆ, ಬಾಗಿಲು ಹಾಕಿಕೊಂಡೇ ಸತ್ತಳು.

"ಕಿಡ್ನಿ ಕಾಯಿಲೆ ನಿಮ್ಮಲ್ಲೇ ಯಾಕೆ ಜಾಸ್ತಿ ಅಂತ ನೋಡ್ಬೇಕಮ್ಮ. ನೀವು ಒಪ್ಪಿದ್ರೆ ಡಯಾಲಿಸಿಸ್ ಯಂತ್ರ ಇಲ್ಲಿಗೇ ಬರುತ್ತೆ," ಎಂದರು ಡಾಕ್ಟರು.

ಗೋಡೆಗೊರಗಿದ್ದ ಸೂಲಗಿತ್ತಿಯ ಮಗ ತಲೆಯೆತ್ತಿದ. ಪಾದ ಊದಿ ಅವನಿಗೆ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಪಟ್ಟಣದ ಆಸ್ಪತ್ರೆಗೆ ಓಡಾಡುವುದರಲ್ಲೇ ಹಣ್ಣಾಗಿದ್ದ.

"ಆಯ್ತು. ಮೊದ್ಲು ನಿಮ್ಮ ರಕ್ತ ಕೊಡಿ," ಎಂದಳು ಸೂಲಗಿತ್ತಿ.

"ನಂದಾ? ಯಾಕೆ?"

"ಸಕ್ಕರೆ ಕಾಯಿಲೆಗೆ."

ಡಾಕ್ಟರ ಮುಖ ಬಿಳಿಚಿಕೊಂಡಿತು. "ಆಗಿನ ಕಾಲ ಬೇರೆ ಇತ್ತಮ್ಮ. ಕ್ಷಮೆ ಕೇಳ್ತೀನಿ."

"ಅದನ್ನ ನನ್ ತಂಗಿ ಹತ್ರ ಕೇಳಿ. ನಂಗೆ ರಕ್ತ ಸಾಕು."

ಡಾಕ್ಟರು ಚೀಲ ಎತ್ತಿಕೊಂಡು ಎದ್ದೇಬಿಟ್ಟರು.

"ಬಿಡಮ್ಮ," ಎಂದ ಮಗ. "ಅವ್ರು ಹೋದ್ರೆ ನನ್ ಗತಿಯೇನು?"

ನಿಲ್ಲಿ ಎನ್ನುವ ಮಾತು ಸೂಲಗಿತ್ತಿಯ ನಾಲಗೆಯ ತುದಿಗೆ ಬಂದಿತ್ತು. ತುಟಿ ಬಿಗಿದು ಕೂತಳು. ಬಾಗಿಲಲ್ಲಿದ್ದವರು ತಡೆಯುವ ಬದಲು ಮರ್ಯಾದೆಯಿಂದ ದಾರಿ ಬಿಟ್ಟಾಗ ಡಾಕ್ಟರಿಗೂ ದಿಕ್ಕು ತೋಚಲಿಲ್ಲ. ಒಪ್ಪಿಗೆಯಿಲ್ಲದೆ ಹೋದರೆ ಅವರ ಕೆಲಸವೂ ಮಣ್ಣುಪಾಲು. ವಾಪಸು ಬಂದು ಅದೇ ಬೆಂಚಿನಲ್ಲಿ ಕೂತು ಅಂಗಿಯ ತೋಳು ಮಡಚಿದರು.

ಬೆಟ್ಟದವಳೇ ಆದ ನರ್ಸು ಸೂಜಿ ಚುಚ್ಚಿದಳು.

"ನಿಜವಾಗ್ಲೂ ಇದ್ರಲ್ಲಿ ಏನು ನೋಡ್ತೀರಮ್ಮ?" ಎಂದರು ಡಾಕ್ಟರು.

"ಇನ್ನೂ ಯೋಚ್ನೆ ಮಾಡಿಲ್ಲ. ಮಾಡಿದ್ಮೇಲೆ ಪೇಪರಲ್ಲಿ ಓದ್ಕೊಳ್ಳಿ." ಸೂಲಗಿತ್ತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಈಗ ನಮ್ಮದು ತಗೊಳ್ಳಿ. ಕಿಡ್ನಿ ಬಿಟ್ಟು ಬೇರೇನೂ ನೋಡ್ಕೂಡ್ದು."

ಯಂತ್ರ ಬಂತು. ಡಾಕ್ಟರೂ ಬರುತ್ತಿದ್ದರು, ಬಂದಾಗಲೆಲ್ಲ ಸೂಲಗಿತ್ತಿಯನ್ನು ಮೂಲೆಗೆ ಕರೆದು, "ಅದನ್ನ ಕೊಟ್ಬಿಡಿ" ಎಂದು ಗೋಗರೆಯುತ್ತಿದ್ದರು. "ಮುಂದಿನ್ ಸಲ ನೋಡೋಣ ಡಾಕ್ಟ್ರೇ," ಎಂದು ಅವಳು ಅಕ್ಕರೆಯಿಂದಲೇ ಕಳಿಸುತ್ತಿದ್ದಳು.

ಒಂದು ಸಂಜೆ ಮಗ ಫ್ರಿಜ್ ತೆಗೆದ. ಹೆಚ್ಚು ನೀರು ಕುಡಿಯುವಂತಿಲ್ಲವಾದ್ದರಿಂದ ಐಸಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡ. ಬಾಗಿಲಿನ ಗೂಡಿನಲ್ಲಿ, ಮೊಟ್ಟೆಗಳ ನಡುವೆ, ಕಪ್ಪುಗಟ್ಟಿದ ರಕ್ತದ ಗಾಜಿನ ನಳಿಕೆ ನಿಂತಿತ್ತು.

"ಇನ್ನಾದ್ರೂ ಬಿಸಾಕ್ಬಾರ್ದಾ ಅಮ್ಮ?"

"ಬಾಗಿಲು ಹಾಕೋ," ಎಂದಳು ಅವಳು. "ಕೆಟ್ಟೋಗುತ್ತೆ."