ಮಾರಾಟಕ್ಕಲ್ಲದ ಹದಿನೇಳು ಕ್ಯಾಸೆಟ್

ಆ ವಿಡಿಯೊ ಗೇಮ್ ಕನ್ಸೋಲ್‌ಗೆ ಕಂಪನಿಯವರು ಮಾಡಿದ ಪ್ರಚಾರ ದೊಡ್ಡದು, ಕೊಂಡವರು ಬೆರಳೆಣಿಕೆಯಷ್ಟು ಜನ. ಬೂದು ಬಣ್ಣದ, ಇಟ್ಟಿಗೆಯಷ್ಟು ಭಾರದ ಪೆಟ್ಟಿಗೆ ಅದು. ಅಂಗಡಿಯವರೇ ಅದಕ್ಕೆ ‘ಬೂದು ಡಬ್ಬ’ ಎಂದು ಹೆಸರಿಟ್ಟಿದ್ದರು. ಎರಡೂವರೆ ವರ್ಷದಲ್ಲಿ ಮಕಾಡೆ ಮಲಗಿತು. ಅಷ್ಟರಲ್ಲಿ ಅದಕ್ಕೆಂದು ಬಂದ ವಿಡಿಯೊ ಗೇಮ್ ಕ್ಯಾಸೆಟ್‌ಗಳು ಒಟ್ಟು ಮೂವತ್ತೊಂದು. ಕೊನೆಕೊನೆಯವು ಕೆಲವೇ ನೂರು ತಯಾರಾದವು. ಅವುಗಳಲ್ಲೂ ಅರ್ಧದಷ್ಟು ಗೋದಾಮಿನಿಂದ ನೇರವಾಗಿ ಗುಜರಿಗೆ ಹೋದವು.

ಹಾಗೆ ಹೋಗದೆ ಉಳಿದವನ್ನು ಹುಡುಕುವ ಹುಚ್ಚು ಹಲ್ಲಕ್ಕನಿಗೆ ಹಿಡಿದು ಹದಿನಾರು ವರ್ಷವಾಗಿತ್ತು. ಹಲ್ಲಕ್ಕ ಎಂಬುದು ಅವಳ ಹೆಸರಲ್ಲ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮೇಣದ ಒಸಡಿನ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಯಾರದೋ ಬಾಯಿಗೆ ನಗು ಹೊಂದಿಸಿ ಕೊಡುತ್ತಾಳೆ. ಹಳೆಯ ಗೇಮ್ ಸಂಗ್ರಹಿಸುವ ಗೆಳೆಯರೇ ಅವಳನ್ನು ಹಾಗೆ ಕರೆಯತೊಡಗಿದ್ದು. ಆ ಗುಂಪಿನಲ್ಲಿ ಅವಳಿಗೆ ತೀರಾ ಹತ್ತಿರದವನೆಂದರೆ ಟಿವಿ ರಿಪೇರಿ ಮಾಡುವ ಗಡ್ಡ.

ಬೂದು ಡಬ್ಬದ ನಂಟು ಅವಳಿಗೆ ಅಂಟಿದ್ದು ಅಪ್ಪನಿಂದ. ಅಪ್ಪ ಆ ಕಂಪನಿಯ ಮಾರಾಟ ಪ್ರತಿನಿಧಿಯಾಗಿದ್ದ. ವಾರದಲ್ಲಿ ಮೂರು ದಿನ ಮನೆ, ಮೂರು ದಿನ ತಿರುಗಾಟ. ಅಂಗಡಿಗಳಲ್ಲಿ ತೋರಿಸಲೆಂದು ಪ್ರತಿ ಆಟದ ಒಂದೊಂದು ಪ್ರತಿಯನ್ನು ಕಂಪನಿ ಅವನಿಗೆ ಕೊಡುತ್ತಿತ್ತು. ಬೆನ್ನಿಗೆ ಹಳದಿ ಚೀಟಿ: ‘ಮಾದರಿ, ಮಾರಾಟಕ್ಕಲ್ಲ’. ಅದರ ಕೆಳಗೆ ಅಪ್ಪ ತನ್ನ ಕೈಯಾರೆ ಕ್ರಮಸಂಖ್ಯೆ ಬರೆಯುತ್ತಿದ್ದ. ತೋರಿಸಿ ಮುಗಿದ ಮೇಲೆ ಮನೆಗೆ ತರುತ್ತಿದ್ದ. ಹಾಗೆ ಅವಳ ಕೈ ಸೇರಿದವು ಹದಿನಾಲ್ಕು. ರೈಲು ಓಡಿಸುವ ಏಳನೆಯ ಆಟಕ್ಕಾಗಿ ಅವಳು ಎರಡು ದಿನ ಊಟ ಬಿಟ್ಟು ಹಟ ಮಾಡಿದ್ದಳು. “ಅದು ಬರೀ ಜಾಹೀರಾತಲ್ಲಿ ಇತ್ತು ಪುಟ್ಟಿ, ಕಂಪನಿಯವರು ಮಾಡ್ಲೇ ಇಲ್ಲ,” ಎಂದು ಅಪ್ಪ ಸಮಾಧಾನ ಮಾಡಿದ್ದ.

ಅಪ್ಪ ಹೃದಯಾಘಾತದಿಂದ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಉಳಿದ ಹದಿನೇಳು ಆಟಗಳಲ್ಲಿ ಎಂಟನ್ನು ಹಲ್ಲಕ್ಕ ಊರೂರು ಅಲೆದು, ಹಳೆಯ ಅಂಗಡಿಗಳ ಅಟ್ಟ ಜಾಲಾಡಿ ಸಂಪಾದಿಸಿದ್ದಳು. ಬಾಕಿ ಇದ್ದದ್ದು ಒಂಬತ್ತು. ರೈಲಿನ ಆಟವೂ ಆ ಒಂಬತ್ತರಲ್ಲಿತ್ತು. ಅದು ನಿಜಕ್ಕೂ ತಯಾರಾಗಿತ್ತು ಎಂದು ತಿಳಿದದ್ದೇ ಗಡ್ಡನಿಂದ. ಅಪ್ಪನಿಗೆ ಸರಿಯಾಗಿ ಗೊತ್ತಿರಲಿಲ್ಲವೇನೋ ಅಂದುಕೊಂಡು ಸುಮ್ಮನಾಗಿದ್ದಳು.

ಒಂದು ಮಂಗಳವಾರ ಊಟದ ಬಿಡುವಿನಲ್ಲಿ ಗಡ್ಡ ಒಂದು ಫೋಟೊ ಕಳಿಸಿದ. ಉದ್ದನೆಯ ಮೇಜು. ಅದರ ಮೇಲೆ ಮೂರು ಸಾಲಾಗಿ ಜೋಡಿಸಿದ ಬೂದು ಡಬ್ಬದ ಕ್ಯಾಸೆಟ್‌ಗಳು. ಹಲ್ಲಕ್ಕ ಕೈಗವಸು ಬಿಚ್ಚಿ ಫೋಟೊ ಹಿಗ್ಗಿಸಿದಳು. ರೈಲು ಇತ್ತು. ಕೊನೆಯ ವಾರ ಬಂದ ಮುಳುಗುಗಾರನ ಆಟ ಇತ್ತು. ಅವಳಲ್ಲಿಲ್ಲದ ಒಂಬತ್ತೂ ಅಲ್ಲಿದ್ದವು. ತಕ್ಷಣ ಫೋನ್ ಮಾಡಿದಳು.

“ಯಾರ ಹತ್ರ ಸಿಕ್ತು?”

“ಪರದೆ ಹೊಲಿಯೋ ಹೆಂಗಸು ಅಂತೆ. ಹಳೇ ಕಪಾಟು ಖಾಲಿ ಮಾಡ್ತಾ ಮಾರೋಕೆ ಹಾಕಿದ್ದಾರೆ. ಬೆಲೆ ಕೂಡ ಹಾಕಿಲ್ಲ, ಅವರಿಗೆ ಇದೇನು ಅಂತಾನೇ ಗೊತ್ತಿದ್ದ ಹಾಗಿಲ್ಲ,” ಎಂದ ಗಡ್ಡ. ಆಮೇಲೆ ಸ್ವಲ್ಪ ತಡೆದು, “ಒಂದು ವಿಚಿತ್ರ ನೋಡಿದ್ಯಾ? ಒಟ್ಟು ಹದಿನೇಳಿವೆ. ನಿಮ್ಮಪ್ಪ ತಂದುಕೊಟ್ಟ ಹದಿನಾಲ್ಕರಲ್ಲಿ ಒಂದಾದ್ರೂ ಇದೆಯಾ ನೋಡು.”

ಅವಳು ನೋಡಿದಳು. ಒಂದೂ ಇರಲಿಲ್ಲ. ಅಪ್ಪ ತಾರದೇ ಇದ್ದ ಅಷ್ಟೂ ಆಟಗಳು ಅಲ್ಲಿದ್ದವು. ಅವು ಬಿಟ್ಟು ಬೇರೊಂದೂ ಇರಲಿಲ್ಲ.

“ಯಾರೋ ನಿನ್ನ ಪಟ್ಟಿ ಮುಂದೆ ಇಟ್ಕೊಂಡೇ ಜೋಡಿಸಿದ ಹಾಗಿದೆ,” ಎಂದು ಗಡ್ಡ ನಕ್ಕ. ಅವಳೂ ನಕ್ಕಳು. ಖುಷಿಯಲ್ಲಿ ಅವಳ ತಲೆ ಆ ಕಡೆ ಓಡಲೇ ಇಲ್ಲ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದಳು. ಎರಡೂವರೆ ಗಂಟೆಯ ದಾರಿ. ಅಂಗಡಿ ಒಂದು ಔಷಧಿ ಅಂಗಡಿಯ ಪಕ್ಕದಲ್ಲಿತ್ತು. ಮುಂದೆ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ತಂತಿಗೆ ತೂಗುಬಿಟ್ಟ ಪರದೆಯ ಮಾದರಿಗಳು. ಹಿಂದಕ್ಕೆ ಮನೆ. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡಿದ್ದ, ಹೆಚ್ಚುಕಡಿಮೆ ಅವಳದೇ ವಯಸ್ಸಿನ ಹೆಂಗಸು ಎದ್ದು ಬಂದಳು.

“ಫೋನ್ ಮಾಡಿದ್ದವರು ನೀವೇನಾ? ಬನ್ನಿ, ಕೂತ್ಕೊಳ್ಳಿ. ಈ ಡಬ್ಬಗಳಿಗೋಸ್ಕರ ಇಷ್ಟು ದೂರ ಬರೋವ್ರೂ ಇದ್ದಾರಲ್ಲ.”

ಕ್ಯಾಸೆಟ್‌ಗಳು ಕತ್ತರಿಸುವ ಮೇಜಿನ ಮೇಲೆಯೇ ಇದ್ದವು. ಹಲ್ಲಕ್ಕ ಮೊದಲು ರೈಲನ್ನು ಕೈಗೆತ್ತಿಕೊಂಡಳು. ಡಬ್ಬಿಯ ಮೂಲೆ ನೋಡಿದಳು, ಸವೆದಿರಲಿಲ್ಲ. ತಿರುಗಿಸಿದಳು.

ಹಳದಿ ಚೀಟಿ ಇತ್ತು. ಅದರ ಕೆಳಗೆ ನೀಲಿ ಶಾಯಿಯ ಏಳು, ಸೊಂಟಕ್ಕೊಂದು ಅಡ್ಡಗೆರೆ. ಅಪ್ಪನ ಏಳು.

ಅವಳು ಎರಡನೆಯದನ್ನು ತಿರುಗಿಸಿದಳು. ನಾಲ್ಕು. ಮೂರನೆಯದು ಹನ್ನೊಂದು. ಅವಳ ಮನೆಯ ಕಪಾಟಿನಲ್ಲಿ ಅಪ್ಪ ಕೊಟ್ಟವುಗಳ ಸಾಲಿನಲ್ಲಿ ಮೂರು ಆದ ಮೇಲೆ ಐದು ಇತ್ತು, ಹತ್ತು ಆದ ಮೇಲೆ ಹನ್ನೆರಡು. ನಡುವೆ ಬಿಟ್ಟುಹೋದ ಅಂಕಿಗಳೆಲ್ಲ ಒಂದೊಂದಾಗಿ ಕೈಗೆ ಬರುತ್ತಿದ್ದವು. ಅಪ್ಪ ಯಾರೋ ಪರಿಚಯದ ಅಂಗಡಿಯವರಿಗೆ ಕೊಟ್ಟಿರಬೇಕು, ಅವರಿಂದ ಇಲ್ಲಿಗೆ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

“ಇವು ನಿಮಗೆ ಎಲ್ಲಿ ಸಿಕ್ಕಿದ್ದು?”

“ನಮ್ಮಪ್ಪ ತಂದಿದ್ದು. ಇದನ್ನ ಮಾರೋ ಕಂಪನಿಯಲ್ಲೇ ಇದ್ರು. ನಾನು ಆಡಿದ್ದಕ್ಕಿಂತ ಜೋಡಿಸಿಟ್ಟಿದ್ದೇ ಜಾಸ್ತಿ. ಎರಡು ವರ್ಷದ ಹಿಂದೆ ಅಮ್ಮ ಹೋದ್ಲು, ಈಗ ಅವಳ ಕಪಾಟು ಖಾಲಿ ಮಾಡ್ತಿದ್ದೀನಿ.”

“ಅಪ್ಪ ಈಗ…”

“ಇಲ್ಲ. ಹನ್ನೊಂದು ವರ್ಷ ಆಯ್ತು. ಅಲ್ಲಿದ್ದಾರೆ ನೋಡಿ,” ಎಂದು ಪರದೆಯವಳು ಒಳಬಾಗಿಲ ಮೇಲಿನ ಗೋಡೆಯನ್ನು ತೋರಿಸಿದಳು.

ಅಪ್ಪ ಇದ್ದ. ನಗುತ್ತಿದ್ದ. ಗೆರೆಗೆರೆಯ ನೀಲಿ ಅಂಗಿ ತೊಟ್ಟಿದ್ದ. ಅದನ್ನು ಹಲ್ಲಕ್ಕ ಮೊದಲ ಸಂಬಳ ಬಂದಾಗ ಕೊಡಿಸಿದ್ದಳು. ಒಂದೇ ತಿಂಗಳಲ್ಲಿ ಯಾವುದೋ ಲಾಡ್ಜಿನಲ್ಲಿ ಬಿಟ್ಟುಬಂದೆ ಎಂದು ಅಪ್ಪ ಪೇಚಾಡಿಕೊಂಡಿದ್ದ.

ಪರದೆಯವಳು ಹತ್ತಿರ ಬಂದು ತೋಳು ಹಿಡಿದಳು. “ತಲೆ ಸುತ್ತು ಬಂತಾ? ನೀರು ಕೊಡ್ಲಾ?”

“ಇವರು ನನ್ನಪ್ಪ,” ಎಂದಳು ಹಲ್ಲಕ್ಕ.

“ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದ್ದೀರಿ. ಒಬ್ಬರ ಹಾಗೆ ಇನ್ನೊಬ್ಬರು ಇರ್ತಾರೆ.”

ಹಲ್ಲಕ್ಕ ಫೋನಿನಲ್ಲಿ ಅಪ್ಪನ ಫೋಟೊ ತೆಗೆದು ಕೊಟ್ಟಳು. ಒಂದರಲ್ಲಿ ಅಪ್ಪ ಅಮ್ಮನ ಪಕ್ಕ ಕೂತು ಬಟಾಣಿ ಬಿಡಿಸುತ್ತಿದ್ದ. ಇನ್ನೊಂದರಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಪೇಪರ್ ಓದುತ್ತಿದ್ದ. ಪರದೆಯವಳು ಮೊದಲನೆಯದನ್ನು ನೋಡಿದಳು. ಎರಡನೆಯದನ್ನು ನೋಡಿ ಮತ್ತೆ ಮೊದಲನೆಯದಕ್ಕೆ ಬಂದಳು. ಹಿಂದೆ ನೋಡದೆಯೇ ಹಿಂದಕ್ಕೆ ಹೆಜ್ಜೆಯಿಟ್ಟು ನೆಲದ ಮೇಲಿದ್ದ ಒಂದು ಬಟ್ಟೆಯ ಸುರುಳಿಯ ಮೇಲೆ ಕುಸಿದು ಕೂತಳು.

ಅದೇ ಹೊತ್ತಿಗೆ ಗಿರಾಕಿಯೊಬ್ಬರು ಬಂದರು. ಮೂರು ಕಿಟಕಿಗೆ ಪರದೆ ಬೇಕಿತ್ತು. ಪರದೆಯವಳು ಎದ್ದು ಹೋಗಿ ಪುಸ್ತಕ ತೆರೆದಳು. ಅವರು ಹೇಳಿದ ಅಳತೆಗಳು ಬೇರೆ ಬೇರೆ. ಇವಳು ಮೂರು ಸಾಲಿನಲ್ಲೂ ಆರಡಿ, ಆರಡಿ, ಆರಡಿ ಎಂದು ಬರೆದಳು. ಗಿರಾಕಿ ತಿದ್ದಿದರು. ಮತ್ತೆ ಅದನ್ನೇ ಬರೆದಳು. “ಸೋಮವಾರ ಬನ್ನಿ,” ಎಂದು ಅವರನ್ನು ಕಳಿಸಿ ಅಂಗಡಿಯ ಬಾಗಿಲು ಮುಂದಕ್ಕೆಳೆದಳು.

ಆಮೇಲೆ ಇಬ್ಬರೂ ದಿನಗಳನ್ನು ಜೋಡಿಸಿದರು. ಸೋಮವಾರದಿಂದ ಬುಧವಾರ ಅಪ್ಪ ಇಲ್ಲಿರುತ್ತಿದ್ದ, ಗುರುವಾರದಿಂದ ಶನಿವಾರ ಅಲ್ಲಿ, ಹಲ್ಲಕ್ಕನ ಮನೆಯಲ್ಲಿ. ಭಾನುವಾರ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಇಲ್ಲದ ಕಡೆಗೆ ‘ಕಂಪನಿ ಮೀಟಿಂಗ್’. ಅಪ್ಪ ತೀರಿಕೊಂಡದ್ದು ಅಲ್ಲಿ. ಇಲ್ಲಿಯವರು ಮೂರು ವಾರ ಕಾದಿದ್ದರು. ಕೊನೆಗೆ ಪರದೆಯವಳ ತಾಯಿ ಕಂಪನಿಯ ಕಚೇರಿಗೆ ಹೋಗಿ ವಿಚಾರಿಸಿ ಬಂದು, “ಟೂರಿನಲ್ಲಿದ್ದಾಗಲೇ ಹೋಗಿಬಿಟ್ರಂತೆ, ಅವರ ಕಡೆಯವರು ಎಲ್ಲಾ ಮುಗಿಸಿದ್ರಂತೆ,” ಎಂದಷ್ಟೇ ಹೇಳಿದ್ದಳು. ಅವಳಿಗೆ ಅಲ್ಲಿ ಇನ್ನೇನು ತಿಳಿಯಿತೋ, ಸಾಯುವವರೆಗೂ ಬಾಯಿ ಬಿಡಲಿಲ್ಲ.

“ನನಗೆ ಹದಿನೇಳು, ನಿಮಗೆ ಹದಿನಾಲ್ಕು,” ಎಂದಳು ಪರದೆಯವಳು ಕ್ಯಾಸೆಟ್‌ಗಳನ್ನು ನೋಡುತ್ತಾ. ಅದರಲ್ಲಿ ಕೊಂಕು ಇರಲಿಲ್ಲ. ಆದರೂ ಹಲ್ಲಕ್ಕನಿಗೆ ಎಲ್ಲೋ ಚುರುಕ್ ಎಂದಿತು. ನಲವತ್ತರ ಹತ್ತಿರ ಬಂದವಳು ಮೂರು ಕ್ಯಾಸೆಟ್‌ಗೆ ಹೊಟ್ಟೆ ಉರಿದುಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

“ಊಟ ಮಾತ್ರ ಚೆನ್ನಾಗಿ ತರ್ತಿದ್ರು,” ಎಂದಳು ಪರದೆಯವಳು. “ಬಂದಾಗೆಲ್ಲ ಮೂರು ಡಬ್ಬಿ. ದಾರಿಯಲ್ಲಿ ಒಬ್ಬ ಅಜ್ಜಿ ಮೆಸ್ ನಡೆಸ್ತಾಳೆ, ಅವಳ ಕೈ ಅಡುಗೆ ಅಂತಿದ್ರು. ನಮ್ಮಮ್ಮ ಆ ಅಜ್ಜಿಗೆ ಅಂತ ಒಂದು ಸ್ವೆಟರ್ ಕೂಡ ಹೆಣೆದು ಕಳಿಸಿದ್ಲು.”

“ಹಸಿರು ಬಣ್ಣದ್ದಾ?”

ಪರದೆಯವಳು ಅವಳನ್ನೇ ನೋಡಿದಳು. ಅಪ್ಪ ಟೂರಿನಿಂದ ತಂದ ಉಡುಗೊರೆಯೆಂದು ಹಲ್ಲಕ್ಕನ ಅಮ್ಮ ಇವತ್ತಿಗೂ ಪ್ರತಿ ಚಳಿಗಾಲದಲ್ಲಿ ಅದನ್ನು ತೊಡುತ್ತಾಳೆ.

ಸಂಜೆ ಹಲ್ಲಕ್ಕ ಬರಿಗೈಯಲ್ಲಿ ಮನೆಗೆ ಬಂದಳು. ಹೇಳಬಾರದು ಅಂದುಕೊಂಡೇ ಬಂದಿದ್ದಳು. ಆದರೆ ಅವಳ ಮುಖ ಕಂಡವರು ಕೇಳದೆ ಬಿಡುವಂತಿರಲಿಲ್ಲ. ಅಮ್ಮ ಹಾಸಿಗೆಯ ಮೇಲೆ ಒಗೆದ ಬಟ್ಟೆ ಮಡಚುತ್ತಾ ಪೂರ್ತಿ ಕೇಳಿದಳು. ಒಂದು ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

“ನಾನು ಕಟ್ಟಿಕೊಡ್ತಿದ್ದ ಊಟದ ಡಬ್ಬಿಗಳು ತೊಳೆದೇ ಬರ್ತಿದ್ವು,” ಎಂದಳು ಕೊನೆಗೆ. “ನಿಮ್ಮಪ್ಪನಿಗೆ ಒಂದು ಲೋಟ ತೊಳೆದು ಗೊತ್ತಿಲ್ಲ. ಲಾಡ್ಜಲ್ಲಿ ಯಾರು ಇಷ್ಟು ಬೆಳಗಿ ಕೊಡ್ತಾರೆ ಅಂತ ನಾನು ಒಂದು ಸಲಾನೂ ಕೇಳ್ಲಿಲ್ಲ.”

ಅಷ್ಟು ಹೇಳಿ ಎದ್ದು ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಳು. ನೀರಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಮುಂದಿನ ವಾರವೆಲ್ಲ ಮನೆಯಲ್ಲಿ ಬೇಕಾದಷ್ಟೇ ಮಾತು. ಲ್ಯಾಬಿನಲ್ಲಿ ಹಲ್ಲಕ್ಕ ಒಂದು ಸೆಟ್ಟಿಗೆ ಎರಡೂ ಕಡೆ ಎಡಗಡೆಯ ಕೋರೆಹಲ್ಲನ್ನೇ ಕೂರಿಸಿದಳು. ಇಷ್ಟು ವರ್ಷದಲ್ಲಿ ಅಂಥ ತಪ್ಪು ಅವಳಿಂದ ಆಗಿರಲಿಲ್ಲ. ಗಡ್ಡ ಫೋನ್ ಮಾಡಿ, “ಮೂವತ್ತೊಂದೂ ಆಯ್ತಾ?” ಎಂದು ಕೇಳಿದಾಗ, “ತರ್ಲಿಲ್ಲ,” ಎಂದಷ್ಟೇ ಹೇಳಿದಳು. ಏಕೆ ಎಂದು ಅವನು ಎರಡು ಸಲ ಕೇಳಿ ಸುಮ್ಮನಾದ.

ಎಂಟನೆಯ ದಿನ ಅಮ್ಮ ಹೊರಡುವ ಸೀರೆ ಉಟ್ಟು ಕೂತಿದ್ದಳು. “ನಡಿ, ಅವಳನ್ನ ನೋಡ್ಬೇಕು. ಅವಳದೇನೂ ತಪ್ಪಿಲ್ಲ. ಮಗು ಅದು, ಅದಕ್ಕೇನು ಗೊತ್ತು? ಅವಳಮ್ಮ ಬದುಕಿದ್ದಿದ್ರೆ ಬೇರೆ ಮಾತಾಡ್ತಿದ್ದೆ.” ದಾರಿಯುದ್ದಕ್ಕೂ ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದಳು. ಕ್ಷಮಿಸಲು ಹೊರಟವರ ಗತ್ತು ಅದು ಎಂದು ಹಲ್ಲಕ್ಕನಿಗೆ ಅನ್ನಿಸಿತು.

ಪರದೆಯವಳು ಅವರನ್ನು ಒಳಗೆ ಕರೆದು ಕೂರಿಸಿದಳು. ಅಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಹುಬ್ಬು, ಗದ್ದ, ಎಲ್ಲ ಗುರುತಿನವೇ.

“ನಿನಗೆ ಎಷ್ಟು ವಯಸ್ಸಮ್ಮ?”

“ನಲವತ್ತೆರಡು ತುಂಬ್ತು.”

ಹಲ್ಲಕ್ಕನಿಗೆ ಮೂವತ್ತೊಂಬತ್ತು. ಅಪ್ಪ ಅಮ್ಮನ ಮದುವೆಯಾಗಿ ನಲವತ್ತೊಂದು ವರ್ಷ.

“ನಲವತ್ತೆರಡಾ?” ಎಂದಳು ಅಮ್ಮ.

“ಹೌದು. ಮದುವೆಯಾಗಿ ಮೂರು ವರ್ಷಕ್ಕೆ ನಾನು ಹುಟ್ಟಿದ್ದಂತೆ,” ಎಂದು ಪರದೆಯವಳು ಎದ್ದು, ಕಪಾಟಿನಿಂದ ಒಂದು ಮದುವೆಯ ಫೋಟೊ ತಂದಳು. ತಾನು ಏನು ತರುತ್ತಿದ್ದೇನೆ ಎಂಬುದು ಅವಳಿಗೆ ಹೊಳೆದದ್ದು ಅದನ್ನು ಅಮ್ಮನ ಕೈಗಿಟ್ಟ ಮೇಲೆ. ಫೋಟೊದಲ್ಲಿ ಅಪ್ಪನಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ, ತಾರೀಕು. ಅಮ್ಮ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಇನ್ನೊಮ್ಮೆ ಓದಿದಳು.

“ನಾನು ಎರಡನೆಯವಳಾ?” ಎಂದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ.

ಪಕ್ಕದ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ ಕೇಳುತ್ತಿದ್ದರು. ಅಮ್ಮನ ಬೆನ್ನು ನಿಧಾನವಾಗಿ ಬಾಗಿತು. ಪರದೆಯವಳು ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು, ಮುಟ್ಟಲು ಧೈರ್ಯ ಸಾಲದೆ ಕುರ್ಚಿಯ ಕಾಲು ಹಿಡಿದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅಮ್ಮನೇ ಅವಳ ತಲೆಯ ಮೇಲೆ ಕೈಯಿಟ್ಟಳು. ಅದು ಸಮಾಧಾನವೋ, ಆಸರೆ ಹುಡುಕಿದ್ದೋ ಹಲ್ಲಕ್ಕನಿಗೆ ಇನ್ನೂ ಗೊತ್ತಾಗಿಲ್ಲ.

ಕ್ಯಾಸೆಟ್‌ಗಳ ಮಾತು ಅವತ್ತು ಬರಲಿಲ್ಲ, ಆಮೇಲೂ ಬಂದಿಲ್ಲ. ಬೂದು ಡಬ್ಬದ ಮೂವತ್ತೊಂದೂ ಆಟ ಈಗ ಎಲ್ಲಿವೆ ಎಂದು ಹಲ್ಲಕ್ಕನಿಗೆ ಚೆನ್ನಾಗಿ ಗೊತ್ತು. ಅದೊಂದು ಕಾಲಕ್ಕೆ ಅವಳ ಬದುಕಿನ ದೊಡ್ಡ ಆಸೆಯಾಗಿತ್ತು. ಗೆಳೆಯರ ಗುಂಪಿನಲ್ಲಿ ಅವಳು ಈಗ ಬರೆಯುವುದು ಅಪರೂಪ.

ಅಮ್ಮ ಅಪ್ಪನ ಫೋಟೊವನ್ನು ಗೋಡೆಯಿಂದ ಇಳಿಸಿಲ್ಲ. ಅದರ ಕಡೆ ನೋಡುವುದನ್ನು ಬಿಟ್ಟಿದ್ದಾಳೆ ಅಷ್ಟೆ. ಒಮ್ಮೊಮ್ಮೆ ಸೊಪ್ಪು ಬಿಡಿಸುತ್ತಾ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸುತ್ತಾಳೆ. ಯಾವುದೋ ವರ್ಷದ ಯಾವುದೋ ವಾರ ನೆನಪಾಗಿರುತ್ತದೆ.

ಪರದೆಯವಳು ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಕ್ಕ ಅನ್ನಬೇಕೋ, ನೀವು ಅನ್ನಬೇಕೋ ಹಲ್ಲಕ್ಕನಿಗೆ ಬಗೆಹರಿದಿಲ್ಲ. ಅವಳಿಗೂ ಹಾಗೆಯೇ ಇರಬೇಕು. ಏನೂ ಅನ್ನದೆ ನೇರವಾಗಿ ಮಾತಿಗಿಳಿಯುತ್ತಾರೆ.

“ಊಟ ಮಾಡ್ತಿದ್ದಾರಾ?” ಎಂದು ಆ ಕಡೆಯಿಂದ ಅಮ್ಮನ ಬಗ್ಗೆ ಕೇಳುತ್ತಾಳೆ.

“ಮಾಡ್ತಾರೆ. ಇವತ್ತು ಸ್ವಲ್ಪ ಜಾಸ್ತೀನೇ ಮಾಡಿದ್ರು.”

“ನಿದ್ದೆ?”

“ಅದು ಇನ್ನೂ ಇಲ್ಲ,” ಎನ್ನುತ್ತಾಳೆ ಹಲ್ಲಕ್ಕ.