ಹಸ್ತಾರ್ಪಣ

ಹೆಸರು ನೆನಪಿರಲಾರದು. ಮುಖ ನೆನಪಿದ್ದರೆ?

ಜಯಕರ ಕಾರಿನ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ಇಪ್ಪತ್ಮೂರು ವರ್ಷಗಳ ಹಿಂದೆ ಈ ಕನ್ನಡಕವಿರಲಿಲ್ಲ, ಇಷ್ಟು ಮೈ ಇರಲಿಲ್ಲ, ಗಡ್ಡವಂತೂ ಇರಲೇ ಇಲ್ಲ. ಗಡ್ಡ ಬಿಟ್ಟದ್ದು ಹೋದ ತಿಂಗಳು, ಮುದುಕ ಬರುತ್ತಾನೆಂದು ಗೊತ್ತಾದ ಮಾರನೆಯ ದಿನದಿಂದ. ಹೆಂಡತಿ ಓಲಿವಿಯಾ ಕೇಳಿದ್ದಕ್ಕೆ ಚರ್ಮದ ಅಲರ್ಜಿ ಎಂದಿದ್ದ. ಅವಳು ನಂಬಿದ್ದಳು. ಅವನು ಹೇಳಿದ್ದನ್ನು ಎಲ್ಲರೂ ನಂಬುತ್ತಿದ್ದರು. ಅದೇ ಅವನ ತೊಂದರೆ.

"ಪಾಸ್ಟರ್, ಅಯ್ಯನವರು ಬಂದ್ರು ನೋಡಿ," ಎಂದಳು ಹಿಂದಿನ ಸೀಟಿನಲ್ಲಿದ್ದ ಸ್ಟೆಲ್ಲಾ.

ಇಬ್ಬರೂ ನಸುಕಿನಲ್ಲೇ ಕೊಲ್ಲಿನಾಡಿನ ಬಂದರೂರಾದ ಸೊಹಾರ್ ಬಿಟ್ಟು, ಮುದುಕ ಇಳಿದುಕೊಂಡಿದ್ದ ಸೀಬ್‌ಗೆ ಬಂದಿದ್ದರು. ಸ್ಟೆಲ್ಲಾ ಸೊಹಾರ್‌ನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯ ಪುಟ್ಟ ಕನ್ನಡ ಕ್ರೈಸ್ತ ಸಭೆಯ ಕಾರ್ಯದರ್ಶಿ. ಮುದುಕನಿಗೆ ಇವತ್ತು ಸನ್ಮಾನ ಮಾಡುವ ಆಲೋಚನೆಯೂ ಅವಳದೇ.

ಮುದುಕ ಮೆಟ್ಟಿಲಿಳಿಯುತ್ತಿದ್ದ. ಆಕ್ಸೆಲ್ ಥೋರುಪ್. ಇಪ್ಪತ್ತಾರನೆಯ ವಯಸ್ಸಿಗೆ ಡೆನ್ಮಾರ್ಕ್ ಬಿಟ್ಟು ಉಡುಪಿ ಸೀಮೆಗೆ ಬಂದವನು, ತುಳು ಕಲಿತವನು, ಅಲ್ಲಿಯ ಪೌರನೇ ಆದವನು, ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರಲ್ಲಿ ಸೆಮಿನರಿ ತೆರೆದು ನಲವತ್ತು ಚಿಲ್ಲರೆ ಪಾದ್ರಿಗಳನ್ನು ತಯಾರು ಮಾಡಿದವನು. ಊರಿನವರ ಬಾಯಲ್ಲಿ ಥೋರುಪ್ ನಿಲ್ಲಲಿಲ್ಲ, ತೋರಪ್ಪಯ್ಯ ಆದ. ಈಗ ಎಂಬತ್ತಮೂರು.

"ತುಂಬ ಹೊತ್ತು ಕಾದ್ರಾ? ಆ ಲಿಫ್ಟ್ ಎಂತ ಮಾಡಿದ್ರೂ ಬರುವುದಿಲ್ಲ ಮಾರಾಯ್ರೆ," ಎನ್ನುತ್ತ ಮುದುಕ ಮುಂದಿನ ಸೀಟಿನಲ್ಲಿ ಕುಳಿತ. ಸೀಟುಬೆಲ್ಟು ಅವನಿಗೆ ಸಿಗಲಿಲ್ಲ. ಜಯಕರ ಬಾಗಿ ಎಳೆದು ಹಾಕಿದ. ಎರಡು ಮುಖಗಳ ನಡುವೆ ಒಂದು ಗೇಣು. ನೀಲಿ ಕಣ್ಣುಗಳು ಅವನ ಗಡ್ಡದ ಮೇಲೆ ನಿಂತವು, ಸರಿದವು.

"ಹೋಗುವಾ," ಎಂದ ಮುದುಕ.

ಹೆದ್ದಾರಿ ಖಾಲಿ ಇತ್ತು. ಜಯಕರ ಬಂದರಿನ ಪಕ್ಕದ ಒಂದು ಕಂಪನಿಯಲ್ಲಿ ಸುರಕ್ಷತಾ ಅಧಿಕಾರಿ. ಅಪಾಯವನ್ನು ಮೊದಲೇ ಕಂಡು ಕಾಗದದಲ್ಲಿ ಬರೆಯುವುದಕ್ಕೆ ಅವನಿಗೆ ಸಂಬಳ. ಈಗಲೂ ಬರೆಯಬಲ್ಲವನಾಗಿದ್ದ. ಅಪಾಯ: ಸೆಮಿನರಿಯನ್ನು ಕೊನೆಯ ವರ್ಷ ಅರ್ಧಕ್ಕೆ ಬಿಟ್ಟು ಬೆಳಗಿನ ಬಸ್ಸಿಗೆ ಓಡಿಹೋದವನು, ಗುರು ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆ ಆಗದವನು, ಹನ್ನೊಂದು ವರ್ಷಗಳಿಂದ ಪಾದ್ರಿಯಾಗಿದ್ದಾನೆ.

ತಾನು ಪಾದ್ರಿ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ. ಹಿಂದಿನ ಪಾಸ್ಟರ್ ಊರಿಗೆ ಮರಳಿದ ಶುಕ್ರವಾರ ಯಾರೋ, "ನೀವು ತೋರಪ್ಪಯ್ಯನವರ ಸೆಮಿನರಿಯವರಂತೆ? ಹಾಗಾದ್ರೆ ಪಾಸ್ಟರೇ ಅಲ್ವಾ?" ಎಂದಿದ್ದರು. ಅವನು ನಕ್ಕಿದ್ದ. ಆ ನಗುವನ್ನು ವಿನಯ ಎಂದು ತಿಳಿದರು. ಮುಂದಿನ ವಾರ ಯಾರೋ ನಿಲುವಂಗಿ ಹೊಲಿಸಿ ತಂದರು. ಅಳತೆ ಸರಿಯಾಗಿತ್ತು.

ಆಮೇಲೆ ಹದಿನಾಲ್ಕು ದೀಕ್ಷಾಸ್ನಾನಗಳು. ಮೂರು ಶವಸಂಸ್ಕಾರಗಳು. ಪ್ರತಿ ತಿಂಗಳು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ.

"ಅಯ್ಯನವರೇ," ಬರ್ಕಾ ದಾಟಿದ ಮೇಲೆ ಸ್ಟೆಲ್ಲಾ ಕೇಳಿದಳು, "ನಮ್ಮ ಪಾಸ್ಟರ್ ನಿಮ್ಮ ಶಿಷ್ಯರು. ನೆನಪುಂಟಾ?"

ಜಯಕರ ಕಾರಿನ ವೇಗ ತಗ್ಗಿಸಿದ.

"ನನ್ನ ಹುಡುಗರನ್ನು ನಾನು ಮರೆಯುವುದಿಲ್ಲ," ಎಂದ ಮುದುಕ. ರಸ್ತೆಯನ್ನೇ ನೋಡುತ್ತಿದ್ದ. ಮುದುಕರು ಎಲ್ಲರಿಗೂ ಹೇಳುವ ಮಾತು ಅದು. ಎಲ್ಲರಿಗೂ ಹೇಳದ ಮಾತೂ ಆಗಿರಬಹುದು.

"ಒಂದು ಕೇಳ್ಬೇಕಿತ್ತು. ನನ್ನ ಮಗು ನಾಲ್ಕೇ ದಿನ ಇದ್ದದ್ದು. ಮೂರು ವರ್ಷ ಆಯ್ತು. ಐಸಿಯುನಲ್ಲೇ ಪಾಸ್ಟರ್ ಬಂದು ದೀಕ್ಷಾಸ್ನಾನ ಕೊಟ್ರು. ಅತ್ತೆ ಈಗ ಹೇಳ್ತಾರೆ, ಅವಸರದಲ್ಲಿ ಕೊಟ್ಟದ್ದು ಲೆಕ್ಕಕ್ಕಿಲ್ಲ, ಸರಿಯಾದ ಪಾದ್ರಿ ಸರಿಯಾಗಿ ಕೊಡ್ಬೇಕು, ಇಲ್ಲದಿದ್ರೆ ಮಗು..." ಅವಳು ಮುಗಿಸಲಿಲ್ಲ.

"ಕೊಟ್ಟದ್ದು ಇವನೇ?"

"ಹೌದು."

ಖರ್ಜೂರದ ತೋಟವೊಂದು ಬಂದು ಹೋಯಿತು.

"ಹಾಗಾದ್ರೆ ಎಂತದು ಹೆದರಿಕೆ?" ಎಂದ ಮುದುಕ.

ಸ್ಟೆಲ್ಲಾ ಅಳುತ್ತಿದ್ದಳೋ, ಸಮಾಧಾನಗೊಂಡಿದ್ದಳೋ, ಕನ್ನಡಿಯಲ್ಲಿ ತಿಳಿಯಲಿಲ್ಲ. ಜಯಕರ ಇನ್ನೊಂದನ್ನು ಯೋಚಿಸುತ್ತಿದ್ದ. ಸಾವಿನ ಹೊತ್ತಿನಲ್ಲಿ ಯಾವ ವಿಶ್ವಾಸಿ ನೀರು ಹಾಕಿದರೂ ಸಲ್ಲುತ್ತದೆ, ಪಾದ್ರಿಯೇ ಬೇಕೆಂದಿಲ್ಲ ಎಂದು ಪಾಠ ಮಾಡಿದವನು ಇದೇ ಮುದುಕ. ಆ ಒಂದು ವಾಕ್ಯ ಸಾಕಿತ್ತು. ಅವನೇಕೆ ಅದನ್ನು ಹೇಳಲಿಲ್ಲ?

ಯಾವ ವಿಶ್ವಾಸಿ ಆದರೂ ಸರಿ. ವಿಶ್ವಾಸವೇ ಇಲ್ಲದವನ ಬಗ್ಗೆ ಪಾಠದಲ್ಲಿ ಏನೂ ಇರಲಿಲ್ಲ.

ಸುವೈಕ್‌ನ ಹತ್ತಿರ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಸ್ಟೆಲ್ಲಾ ಮುಖ ತೊಳೆದುಕೊಂಡು ಬರುತ್ತೇನೆಂದು ಹೋದಳು. ಚಹಾದ ಅಂಗಡಿಯ ಮಲಯಾಳಿ ಎರಡು ಕಾಗದದ ಲೋಟ ತಂದುಕೊಟ್ಟ. ಮುದುಕನ ಲೋಟದಿಂದ ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನು ಒರೆಸಿಕೊಳ್ಳಲಿಲ್ಲ.

"ನೀನು ಮುಗಿಸಲಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ.

"ಇಲ್ಲ."

"ನಾನು ನಿನ್ನ ತಲೆ ಮೇಲೆ ಕೈ ಇಡ್ಲಿಲ್ಲ."

"ಇಲ್ಲ ಅಯ್ಯನವರೇ."

"ಮತ್ತೆ ಇವರೆಲ್ಲ ಪಾಸ್ಟರ್ ಅಂತಾರೆ?"

"ಅವರೇ ಅಂದದ್ದು. ನಾನು ಅಲ್ಲ ಅನ್ಲಿಲ್ಲ."

ಅಷ್ಟು ಹೇಳಿದ ಮೇಲೆ ಜಯಕರನಿಗೆ ವಿಚಿತ್ರವಾಗಿ ಹಗುರ ಅನ್ನಿಸಿತು. ಮುಗಿಯಿತು. ಖಲಾಸ್. ಮುದುಕ ಇನ್ನು ಗದರುತ್ತಾನೆ. ಸಭೆಯ ಮುಂದೆ ನಿಲ್ಲಿಸುತ್ತಾನೆ. ಸ್ಟೆಲ್ಲಾ ಅವನ ಮುಖ ನೋಡುವುದಿಲ್ಲ. ಓಲಿವಿಯಾ ಮಾತು ಬಿಡುತ್ತಾಳೆ. ಎಲ್ಲವೂ ಸರಿಯಾಗಿರುತ್ತದೆ.

"ಯಾಕೆ ಓಡಿದ್ದು?"

"ಪ್ರಾರ್ಥನೆ ಮಾಡುವಾಗ ಆಚೆ ಬದಿಯಲ್ಲಿ ಯಾರೂ ಇದ್ದ ಹಾಗೆ ಅನ್ನಿಸ್ತಿರಲಿಲ್ಲ."

ಮುದುಕ ಅವನ ಕಡೆ ತಿರುಗಿದ. ನಿಜವಾಗಿ ಆಶ್ಚರ್ಯವಾದವನಂತಿದ್ದ.

"ಅಷ್ಟಕ್ಕೇ?"

ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು. ಆಚೆ ಬದಿಯ ಆ ಖಾಲಿ ಮುದುಕನಿಗೆ ಹೊಸದಲ್ಲ ಎಂದು ಜಯಕರನಿಗೆ ಹೊಳೆಯಿತು.

"ಸೆಮಿನರಿ ಮುಚ್ಚಿತು. ಗೊತ್ತುಂಟಾ?" ಮುದುಕ ತಗ್ಗಿದ ದನಿಯಲ್ಲಿ ಹೇಳಿದ. "ಕಡೇ ವರ್ಷ ಒಬ್ಬನೇ ಹುಡುಗ ಇದ್ದ. ಒಂದು ದಿನ ಅವನೂ ಬರ್ಲಿಲ್ಲ. ಮತ್ತೆ ಎರಡು ವಾರ ನಾನು ಖಾಲಿ ಬೆಂಚುಗಳಿಗೆ ಪಾಠ ಮಾಡಿದೆ. ನಿಲ್ಲಿಸಿದ್ರೆ ಎಂತ ಆಗ್ತದೋ ಅಂತ ಹೆದರಿಕೆ. ಹೊರಗೆ ಯಾರಿಗೂ ಹೇಳ್ಲಿಲ್ಲ. ಜನ ಕರೀತಾರೆ, ಶಾಲು ಹೊದಿಸ್ತಾರೆ, ಸೆಮಿನರಿ ಹೇಗುಂಟು ಕೇಳ್ತಾರೆ. ಚೆನ್ನಾಗುಂಟು ಅಂತೇನೆ."

ಜಯಕರ ತನ್ನ ಕಾಗದದ ಲೋಟವನ್ನು ಬುಟ್ಟಿಗೆ ಹಾಕಿದ.

"ನನ್ನ ಜೀವನ ಚರಿತ್ರೆ ಓದ್ತೀಯಂತಲ್ಲ ಇವತ್ತು. ಅದರ ಬಗ್ಗೆ ಎಂತ ಬರೆದಿದ್ದೀ?"

"'ಇಂದಿಗೂ ನಡೆಯುತ್ತಿದೆ' ಅಂತ."

"ಹಾಗೇ ಓದು."

"ನನ್ನ ವಿಷಯ?"

"ನಿನ್ನ ಯಾವ ವಿಷಯ?" ಎಂದ ಮುದುಕ. ಸ್ಟೆಲ್ಲಾ ಬರುವುದನ್ನು ಕಂಡು ಮುಗುಳ್ನಕ್ಕು ಕೈ ಎತ್ತಿದ.

ಉಳಿದ ದಾರಿಯುದ್ದಕ್ಕೂ ಮುದುಕ ಸ್ಟೆಲ್ಲಾಗೆ ಡೆನ್ಮಾರ್ಕಿನ ಹಿಮದ ಕತೆ ಹೇಳಿದ. ಅವಳು ನಕ್ಕಳು. ಸಿಕ್ಕಿಬೀಳುವೆನೆಂದು ಒಂದು ತಿಂಗಳು ಹೆದರಿದ್ದ ಜಯಕರ, ಇನ್ನೆಂದೂ ಸಿಕ್ಕಿಬೀಳುವುದಿಲ್ಲ ಎಂಬುದನ್ನು ಸಹಮ್ ದಾಟುವ ಹೊತ್ತಿಗೆ ಪೂರ್ತಿ ಅರ್ಥ ಮಾಡಿಕೊಂಡ. ಹೆದರಿಕೆ ನಿಜವಾಗಿ ಶುರುವಾದದ್ದು ಆಗ.

ಚರ್ಚುಗಳಿಗೆ ಸರ್ಕಾರ ಬಿಟ್ಟುಕೊಟ್ಟ ಆವರಣದಲ್ಲಿ ಹಾಲ್ ಒಂದೇ, ಸಭೆಗಳು ಹಲವು. ಕನ್ನಡದವರಿಗೆ ಹತ್ತರಿಂದ ಹನ್ನೊಂದೂವರೆ, ಆಮೇಲೆ ಫಿಲಿಪ್ಪೀನಿನವರು. ಎಪ್ಪತ್ತು ಜನ ಸೇರಿದ್ದರು. ಓಲಿವಿಯಾ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಜಯಕರ ನಿಲುವಂಗಿ ತೊಟ್ಟು ಓದಿದ. ಹೊಲಗಳ ನಡುವಿನ ಊರಿನಲ್ಲಿ ಹುಟ್ಟಿದ ಹುಡುಗ. ಹಡಗು. ಮೊದಲ ತುಳು ಪ್ರವಚನದಲ್ಲಿ ಮಾಡಿದ ತಪ್ಪು, ಜನರ ನಗು. ವಿಷಮಶೀತ ಜ್ವರದಲ್ಲಿ ಹೋದ ಹೆಂಡತಿ. ಹಂಚಿನ ಕಾರ್ಖಾನೆಯ ಗೂಡಿನ ಪಕ್ಕದಲ್ಲಿ ಆರು ಹುಡುಗರೊಂದಿಗೆ ಶುರುವಾದ ಪಾಠ. "ಆ ದೀಪ ಇಂದಿಗೂ ಉರಿಯುತ್ತಿದೆ, ಸೆಮಿನರಿ ಇಂದಿಗೂ ನಡೆಯುತ್ತಿದೆ," ಎಂದು ಓದಿದ. ದನಿ ಎಲ್ಲೂ ತೊಡರಲಿಲ್ಲ. ಚಪ್ಪಾಳೆ ಬಿತ್ತು. ಮುದುಕ ಕಣ್ಣೊರೆಸಿಕೊಂಡ. ನಿಜವಾದ ಕಣ್ಣೀರು, ಅದನ್ನು ಜಯಕರ ಹತ್ತಿರದಿಂದ ಕಂಡ.

ಶಾಲು ಹೊದಿಸಿ ಆಯಿತು. ಸ್ಟೆಲ್ಲಾ ಮೈಕು ಹಿಡಿದು, "ಅಯ್ಯನವರು ಈಗ ನಮ್ಮನ್ನೆಲ್ಲ ಆಶೀರ್ವದಿಸಬೇಕು," ಎಂದಳು.

ಮುದುಕ ಎದ್ದ. ಮೈಕಿನವರೆಗೆ ಹೋಗಲಿಲ್ಲ. ಜಯಕರನ ಎದುರಿಗೆ ಬಂದು, ಮೇಜು ಹಿಡಿದು, ಒಂದೊಂದೇ ಮೊಣಕಾಲನ್ನು ನೆಲಕ್ಕೂರಿದ. ಸಭೆಯಲ್ಲಿ ಯಾರೋ 'ಅಯ್ಯೋ' ಅಂದರು.

"ನನಗೆ ವಯಸ್ಸಾಯ್ತು," ಎಂದ, ಎಲ್ಲರಿಗೂ ಕೇಳುವಂತೆ. "ಇವನು ಆಶೀರ್ವಾದ ಮಾಡ್ಲಿ. ಮೊದಲು ನನಗೆ."

ಎಷ್ಟು ವಿನಯ ಎಂದು ಸಭೆ ನಿಟ್ಟುಸಿರಿಟ್ಟಿತು. ಎಪ್ಪತ್ತು ತಲೆಗಳು ಬಾಗಿದವು, ಕಣ್ಣುಗಳು ಮುಚ್ಚಿದವು. ಮೊದಲ ಸಾಲಿನಲ್ಲಿ ಸ್ಟೆಲ್ಲಾ ಎರಡು ಕೈಗಳನ್ನೂ ಹೊಟ್ಟೆಗೆ ಒತ್ತಿ ಹಿಡಿದಿದ್ದಳು.

ಜಯಕರ ಕೈ ಇಟ್ಟ. ತೆಳ್ಳಗಿನ ಕೂದಲು, ಅದರ ಕೆಳಗೆ ಬಿಸಿ, ಬಿಸಿಯ ಕೆಳಗೆ ಬುರುಡೆ.

ಮಾತುಗಳು ಅವನಿಗೆ ಬಾಯಿಪಾಠ. ಹನ್ನೊಂದು ವರ್ಷ ಹೇಳಿದ್ದ. ನಾಲಿಗೆ ಎತ್ತಿದ. ಒಂದೂ ಬರಲಿಲ್ಲ.

ಏಸಿಯ ಸದ್ದು ಮಾತ್ರ ಇತ್ತು. ಯಾರೂ ತಲೆ ಎತ್ತಲಿಲ್ಲ. ಮೌನವನ್ನು ಅವರು ಪ್ರಾರ್ಥನೆ ಎಂದುಕೊಂಡಿದ್ದರು.

"ಹೇಳು," ಅಂಗೈಯ ಕೆಳಗಿನಿಂದ ಪಿಸುಮಾತು ಬಂತು. ಹೆದರಿದ ಮಗುವಿನ ದನಿ. "ಎಂತಾದ್ರೂ ಹೇಳು ಮಾರಾಯಾ. ಬೇಗ."

ಹಿಂದಿನ ಬಾಗಿಲು ಮೆಲ್ಲನೆ ತೆರೆಯಿತು. ಹೊರಗಿನ ಬಿಸಿಲು ನೆಲದ ಮೇಲೆ ಉದ್ದವಾಗಿ ಬಿತ್ತು. ಮುಂದಿನ ಹೊತ್ತಿನ ಫಿಲಿಪ್ಪೀನಿನವರು ಬಂದಿದ್ದರು: ಗಿಟಾರು ಹೆಗಲಿಗೇರಿಸಿದವನೊಬ್ಬ, ಮಕ್ಕಳ ಕೈ ಹಿಡಿದ ಹೆಂಗಸರು. ಒಳಗೆ ಎಲ್ಲರೂ ತಲೆ ತಗ್ಗಿಸಿರುವುದನ್ನು ಕಂಡು ಅವರು ಹೊಸ್ತಿಲಲ್ಲೇ ನಿಂತರು. ಗಿಟಾರಿನವನು ಟೋಪಿ ತೆಗೆದ. ಏನು, ಯಾತಕ್ಕೆ ಎಂದು ಕೇಳದೆ, ಒಬ್ಬರ ಹಿಂದೆ ಒಬ್ಬರು, ಬಾಗಿಲಿನಾಚೆಯ ಬಿಸಿಲಿನವರೆಗೂ, ಅವರೂ ಕಣ್ಣು ಮುಚ್ಚಿ ತಲೆ ಬಾಗಿಸಿದರು.