ಸಿರಿಲ್ ಅಂಕಲ್ ಬೂಟು

ಮಂಗಳಾರತಿ ಎತ್ತಿದ ಮೇಲೆಯೇ ಮೋಹಿನಿಗೆ ತನ್ನ ಎಡವಟ್ಟು ಹೊಳೆದದ್ದು.

೧೯೯೬ರಲ್ಲಿ ಆಯುಧಪೂಜೆ ಭಾನುವಾರವೇ ಬಂದಿತ್ತು. ಗಂಡ ಸುಕೇಶನ ತಂಡಕ್ಕೆ ಫುಟ್‌ಬಾಲ್ ಕಲಿಸಿದ ಸಿರಿಲ್ ಅಂಕಲ್ ಮರುದಿನ ಬೆಳಗ್ಗೆ ಇಂಗ್ಲೆಂಡಿಗೆ ಹೊರಡುವವರು. ಅಂದು ಸಂಜೆ ಸಿಂಗಪುರದ ಬೆಡೋಕ್ ಮೈದಾನದಲ್ಲಿ ತಮ್ಮ ಹಳೆಯ ಬೂಟು ಹಾಕಿ ಹತ್ತು ನಿಮಿಷ ಆಡಬೇಕೆಂಬುದು ಅವರ ಆಸೆ. ಐವತ್ತರ ದಶಕದಲ್ಲಿ ಶುರುಮಾಡಿ, ಅದೇ ಬೂಟಿಗೆ ಹೊಲಿಗೆ ಹಾಕಿಸಿ ಹಾಕಿಸಿ ಹನ್ನೊಂದು ವರ್ಷ ಸಂಬಳಕ್ಕೆ ಆಡಿದ್ದರು. ನಡುಮೈದಾನದಲ್ಲಿ ಓಡಾಡಿ ಬೇರೆಯವರಿಗೆ ಚೆಂಡು ಒದಗಿಸುವುದೇ ಕೆಲಸ. ಮುನ್ನೂರು ಚಿಲ್ಲರೆ ಪಂದ್ಯಗಳಲ್ಲಿ ಸ್ವತಃ ಒಂದು ಗೋಲೂ ಹೊಡೆದಿರಲಿಲ್ಲ.

ಅಂಥ ಬೂಟನ್ನು ಮೋಹಿನಿ ಅಕ್ಕರೆಯಿಂದ ಕೇಳಿ ತಂದು, ಮಗಳ ಸೈಕಲ್ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದ್ದಳು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಬಳಸುವ ಹಾಗಿಲ್ಲ.

"ಅಯ್ಯೋ, ಈಗ ಅಂಕಲ್‌ಗೆ ಏನಂತ ಹೇಳೋದು?"

"ನೀನೇ ಎಕ್ಸ್‌ಪ್ಲೇನ್ ಮಾಡು ಮಾರಾಯ್ತಿ," ಎಂದು ಸುಕೇಶ ಜಾರಿಕೊಂಡ.

ಮೈದಾನದಲ್ಲಿ ಅವಳು ತಡವರಿಸುತ್ತ ಹೇಳಿದ್ದನ್ನು ಕೇಳಿ ಸಿರಿಲ್ ನಕ್ಕರು. "ನನ್ನ ಬೂಟಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ," ಎಂದು ಸಾಕ್ಸ್ ಕಳಚಿ ಬರಿಗಾಲಲ್ಲೇ ಇಳಿದರು.

ಎಂಟನೇ ನಿಮಿಷಕ್ಕೆ ಚೆಂಡು ಬಂತು. ಹಳೆಯ ಅಭ್ಯಾಸದಂತೆ ಸುಕೇಶನಿಗೆ ತಳ್ಳಲು ಹೋದರು. ಬರಿಗಾಲು ಹುಲ್ಲಿನ ಮೇಲೆ ಜಾರಿ ಅವರು ಕುಕ್ಕರಿಸಿದರು. ಚೆಂಡು ಉರುಳುತ್ತ ಗೋಲಿನೊಳಗೇ ಹೋಯಿತು.

"ಅಂಕಲ್, ಗೋಲ್ ಲಾ!" ಮಗಳು ದೀಕ್ಷಿತಾ ಸಿಂಗಪುರದ ಧಾಟಿಯಲ್ಲೇ ಕಿರುಚಿದಳು.

ಕೂತಲ್ಲಿಂದಲೇ ಸಿರಿಲ್ ಮೋಹಿನಿಯತ್ತ ಕೈ ಬೀಸಿದರು. "ಹನ್ನೊಂದು ವರ್ಷ ಎಲ್ಲರೂ ನನ್ನನ್ನೇ ಬೈದರಮ್ಮ, ತಪ್ಪೆಲ್ಲ ಬೂಟಿನದು! ಅದು ಇನ್ನು ನಿನ್ನ ಪೂಜೆಗೇ ಇರಲಿ."